ಆಡಳಿತದ ಹೊಣೆ ಮತ್ತು ನಮ್ಮ ಹೆಣ್ಣುಮಕ್ಕಳು

ರಾಜಾಜಿನಗರದ ಕೈಗಾರಿಕಾ ವಸಾಹತು ಎಂದೊಡನೆ ಲೇತ್ ಯಂತ್ರಗಳ ಸದ್ದು, ಕಬ್ಬಿಣದ ಚೂರು, ಗ್ರೀಸು ಮೆತ್ತಿದ ಖಾಕಿ ಅಂಗಿ ಇವೇ ಕಣ್ಣ ಮುಂದೆ ಬರುತ್ತವೆ. ಗಂಡಸರದೇ ಲೋಕವೆಂದು ಎಲ್ಲರೂ ತಿಳಿದಿದ್ದ ಆ ವಸಾಹತಿನೊಳಗೇ ಕರ್ನಾಟಕದ ಮಹಿಳಾ ಉದ್ಯಮಿಗಳ ಸಂಘ ‘ಅವೇಕ್’ ತನ್ನ ಕಚೇರಿಯನ್ನು ತೆರೆಯಿತೆಂಬುದು ನಮ್ಮ ಓದುಗರಲ್ಲಿ ಕೆಲವರಿಗಾದರೂ ಹೊಸ ಸಂಗತಿಯಾದೀತು. 1983ರಲ್ಲಿ ಬೆಂಗಳೂರಿನ ಕೆಲವು ಮಹಿಳೆಯರು ಕೂಡಿ ಕಟ್ಟಿದ ಸಂಘವಿದು. ಅದರ ಕಾರ್ಯವಿಧಾನದಲ್ಲಿ ಯಾವ ಗಹನ ತತ್ತ್ವವೂ ಇಲ್ಲ. ಈಗಾಗಲೇ ಒಂದು ಉದ್ಯಮ ನಡೆಸುತ್ತಿರುವಾಕೆ ಹೊಸದಾಗಿ ತೊಡಗುವವಳಿಗೆ ದಾರಿ ತೋರಿಸಬೇಕು, ಅಷ್ಟೇ. ಹಪ್ಪಳ, ಉಪ್ಪಿನಕಾಯಿ, ಸಿದ್ಧ ಉಡುಪುಗಳಿಂದ ಹಿಡಿದು ಬಿಡಿಭಾಗಗಳ ತಯಾರಿಕೆಯವರೆಗೆ ಯಾವುದೇ ಕಸುಬಾಗಲಿ, ಬ್ಯಾಂಕಿನವರ ಎದುರು ಕುಳಿತು ಲೆಕ್ಕ ಒಪ್ಪಿಸುವ ಧೈರ್ಯ ಪುಸ್ತಕದಿಂದ ಬರುವುದಿಲ್ಲ. ಒಮ್ಮೆ ಹಾಗೆ ಕುಳಿತು ಬಂದವಳ ಬಾಯಿಂದ ಕೇಳಿದಾಗ ಬರುತ್ತದೆ.

ಆ ಸಂಘ ಹುಟ್ಟುವುದಕ್ಕೆ ಐದು ವರ್ಷ ಮೊದಲು, 1978ರಲ್ಲಿ, ಇದೇ ನಗರದ ಒಂದು ಬಾಡಿಗೆ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದೊಡನೆ ಬಯೋಕಾನ್ ಆರಂಭವಾಯಿತು. ಕಿರಣ್ ಮಜುಂದಾರ್ ಆಸ್ಟ್ರೇಲಿಯಾದಲ್ಲಿ ಮದ್ಯ ತಯಾರಿಕೆಯ ಶಾಸ್ತ್ರ ಕಲಿತು 1975ರಲ್ಲಿ ಪದವಿ ಪಡೆದು ಬಂದಿದ್ದರೂ, ಆ ಕಸುಬಿನ ಮೇಲ್ವಿಚಾರಣೆಗೆ ಹೆಂಗಸನ್ನು ನೇಮಿಸಲು ಭಾರತದಲ್ಲಿ ಯಾರೂ ಮುಂದೆ ಬರಲಿಲ್ಲ. ಸ್ವಂತ ಉದ್ಯಮ ಆರಂಭಿಸಿದಾಗ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಇಪ್ಪತ್ತೈದು ವರ್ಷದ ಹುಡುಗಿ, ಅದುವರೆಗೆ ಯಾರೂ ಕೇಳರಿಯದ ಜೈವಿಕ ತಂತ್ರಜ್ಞಾನ, ಕೈಯಲ್ಲಿ ಆಸ್ತಿಪತ್ರವಿಲ್ಲ. ಕೆಲಸಕ್ಕೆ ಸೇರಲು ಬಂದವರು ಕೂಡ ಆಕೆಯನ್ನು ಕಾರ್ಯದರ್ಶಿಯೆಂದು ಭಾವಿಸಬಹುದಾಗಿದ್ದ ಕಾಲವದು. ಮುಂದಿನ ಕಥೆ ಲೋಕಕ್ಕೆ ಗೊತ್ತಿದೆ. ಆಕೆ ಓದಿದ್ದು ನಮ್ಮ ಕನ್ಯಾಸ್ತ್ರೀಯರ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿಯೂ ಹೌದು ಎಂದು ನಾವು ಆಗಾಗ್ಗೆ ಹೆಮ್ಮೆಪಡುತ್ತೇವೆ. ಹೆಮ್ಮೆಪಡುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಇಂತಹ ಅಪರೂಪದವರ ಕಥೆಯನ್ನು ಹೇಳಿ ಮುಗಿಸುವುದು ಈ ವಾರದ ನಮ್ಮ ಉದ್ದೇಶವಲ್ಲ. ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿರುವ ಮಗಳು, ವಿಜಯನಗರದ ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತೆಯಾಗಿರುವ ಸೊಸೆ, ಬಸವೇಶ್ವರನಗರದ ಶಾಲೆಯಲ್ಲಿ ಹದಿನೈದು ವರ್ಷದಿಂದ ಪಾಠ ಹೇಳುತ್ತಿರುವ ಅಕ್ಕ, ಇವರು ಮೇಲಿನ ಒಂದು ಮೆಟ್ಟಿಲನ್ನು ಏರುವುದು ಯಾವಾಗ, ಹೇಗೆ ಎಂಬುದು ನಮ್ಮ ಪ್ರಶ್ನೆ. ಈ ಪ್ರಶ್ನೆಯನ್ನು ಬೇರೆ ಬೇರೆ ನಾಡುಗಳು ಬೇರೆ ಬೇರೆ ರೀತಿಯಲ್ಲಿ ಎದುರಿಸಿವೆ. ಅವುಗಳಿಂದ ಕಲಿಯುವುದಕ್ಕೆ ಮೊದಲು ನಮ್ಮ ಮನೆಯಂಗಳದಲ್ಲೇ ನೂರೈವತ್ತು ವರ್ಷಗಳಿಂದ ಇರುವ ಒಂದು ಉದಾಹರಣೆಯನ್ನು ನೋಡೋಣ. ಅದು ಕಣ್ಣಿಗೆ ತೀರ ಹತ್ತಿರವಿದೆ, ಆದ್ದರಿಂದಲೇ ಕಾಣುವುದಿಲ್ಲ.

ನಾವು ಹೇಳುತ್ತಿರುವುದು ಕನ್ಯಾಮಠಗಳ ವಿಷಯ. ಗುಡ್ ಶೆಫರ್ಡ್ ಭಗಿನಿಯರು ಬೆಂಗಳೂರಿಗೆ ಬಂದದ್ದು 1854ರಲ್ಲಿ. ಅವರು ಸಂತ ಮಾರ್ತಾ ಆಸ್ಪತ್ರೆಯನ್ನು ಆರಂಭಿಸಿದ್ದು 1886ರಲ್ಲಿ. ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು, 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು 1948ರದು. ಒಂದು ಆಸ್ಪತ್ರೆಯನ್ನು ನಡೆಸುವುದೆಂದರೆ ಏನು? ವೈದ್ಯರ ನೇಮಕ, ದಾದಿಯರ ಪಾಳಿ, ಔಷಧಿಯ ದಾಸ್ತಾನು, ಬಾಕಿ ಬಿಲ್ಲು, ಕಟ್ಟಡದ ದುರಸ್ತಿ, ಸರ್ಕಾರದೊಡನೆ ಪತ್ರವ್ಯವಹಾರ, ಕೆಲಸಗಾರರ ಸಂಘದೊಡನೆ ಮಾತುಕತೆ. ಇದನ್ನೆಲ್ಲ ಮಾಡುವವರಿಗೆ ಇಂದು ದೊಡ್ಡ ಸಂಬಳ ಕೊಟ್ಟು ವ್ಯವಸ್ಥಾಪಕ ನಿರ್ದೇಶಕರೆಂದು ಕರೆಯುತ್ತಾರೆ. ನಮ್ಮ ಅಜ್ಜಿಯಂದಿರ ಕಾಲದಿಂದಲೂ ಇದನ್ನು ಮಾಡುತ್ತ ಬಂದವರನ್ನು ನಾವು ‘ಮದರ್’ ಎಂದು ಕರೆದು ಕೈಮುಗಿದು ಸುಮ್ಮನಾದೆವು. ವೈದ್ಯೆಯೂ ಕನ್ಯಾಸ್ತ್ರೀಯೂ ಆಗಿದ್ದ ಆಸ್ಟ್ರೇಲಿಯಾದ ಮೇರಿ ಗ್ಲೌರಿಯವರು ಗುಂಟೂರಿನಲ್ಲಿ ದುಡಿಯುತ್ತಲೇ 1943ರಲ್ಲಿ ದೇಶದ ಕ್ಯಾಥೋಲಿಕ್ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. 1957ರಲ್ಲಿ ಅವರು ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲೇ. ಇನ್ನೂ ಹಿಂದಕ್ಕೆ ಹೋದರೆ ಆವಿಲಾದ ಸಂತ ತೆರೇಸಾ ಇದ್ದಾರೆ. 1562ರಲ್ಲಿ ಮೊದಲ ಮಠವನ್ನು ಸ್ಥಾಪಿಸಿ, ಒಟ್ಟು ಹದಿನೇಳು ಮಠಗಳನ್ನು ತೆರೆದ ಆಕೆ ಮನೆಗಳ ಕ್ರಯ, ಬಾಡಿಗೆ, ಸಾಲ, ವ್ಯಾಜ್ಯಗಳೊಡನೆ ಗುದ್ದಾಡಿದ್ದನ್ನು ತಾವೇ ಬರೆದಿಟ್ಟಿದ್ದಾರೆ. ಆಕೆಯ ಧ್ಯಾನವನ್ನು ಕುರಿತು ನಮ್ಮಲ್ಲಿ ಎಷ್ಟೋ ಪ್ರವಚನಗಳಾಗಿವೆ. ಆಕೆಯ ಲೆಕ್ಕಾಚಾರವನ್ನು ಕುರಿತು ಒಂದೂ ಆಗಿರಲಾರದು.

ಮಠದ ಆಡಳಿತದಲ್ಲಿ ಲೋಕದವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮಠದ ಮೇಲಧಿಕಾರಿಣಿಯನ್ನು ಗೊತ್ತಾದ ಅವಧಿಗೆ ಮಾತ್ರ ನೇಮಿಸಬೇಕೆಂದು 1983ರ ಧರ್ಮಸಭಾ ಸಂಹಿತೆಯ 624ನೆಯ ನಿಯಮ ಹೇಳುತ್ತದೆ. ಅವಧಿ ಮುಗಿದ ಮೇಲೆ ಆಕೆ ಮತ್ತೆ ತರಗತಿಗೋ ವಾರ್ಡಿಗೋ ಹಿಂದಿರುಗುತ್ತಾಳೆ. ಮೊನ್ನೆಯವರೆಗೆ ಆಕೆಯ ಕೈಕೆಳಗಿದ್ದವಳು ಆಕೆಗೆ ಕೆಲಸ ಹಂಚುತ್ತಾಳೆ. ಹೀಗೆ ಒಂದೇ ಮನೆಯಲ್ಲಿ ಹತ್ತು ಮಂದಿಗೆ ಆಡಳಿತದ ಅಭ್ಯಾಸ ಆಗುತ್ತದೆ. ಆ ಸಭೆಯ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದವರನ್ನು ಕುರಿತು, ಹೆಂಗಸಾದ್ದರಿಂದ ನಿಭಾಯಿಸಬಲ್ಲರೇ ಎಂದು ಯಾವ ತಂದೆಯೂ ಕೇಳಿದ್ದಿಲ್ಲ. ನಿಭಾಯಿಸಿದವರನ್ನು ನಾಲ್ಕು ತಲೆಮಾರು ನೋಡಿ ನೋಡಿ ಆ ಪ್ರಶ್ನೆಯೇ ಸತ್ತುಹೋಗಿದೆ.

ಪ್ರಶ್ನೆ ಸಾಯಲು ಎಷ್ಟು ಕಾಲ ಬೇಕು? ಇದಕ್ಕೆ ಉತ್ತರ ನೆರೆಯ ಬಾಂಗ್ಲಾದೇಶದ ಸಿದ್ಧ ಉಡುಪಿನ ಕಾರ್ಖಾನೆಗಳಿಂದ ಬಂದಿದೆ. ಅಲ್ಲಿ ಆಗ ಹೊಲಿಯುವವರಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಹೆಂಗಸರಿದ್ದರು. ಅವರ ಮೇಲ್ವಿಚಾರಕರಲ್ಲಿ ನೂರಕ್ಕೆ ತೊಂಬತ್ತೈದು ಗಂಡಸರಿದ್ದರು. ಕೆಲವು ಅರ್ಥಶಾಸ್ತ್ರಜ್ಞರು ಹೊಲಿಗೆಯವರಲ್ಲೇ ಕೆಲವು ಹೆಂಗಸರನ್ನೂ ಗಂಡಸರನ್ನೂ ಆರಿಸಿ, ತರಬೇತಿ ಕೊಡಿಸಿ, ಮೇಲ್ವಿಚಾರಣೆಗೆ ಹಾಕಿ ಪರೀಕ್ಷಿಸಿದರು. ತರಬೇತಿಗೆ ಮುಂಚೆಯೇ ಕಾರ್ಖಾನೆಯ ಎಲ್ಲ ಹಂತದವರೂ, ಹೆಂಗಸರೂ ಸೇರಿದಂತೆ, ಗಂಡಸೇ ಉತ್ತಮ ಮೇಲ್ವಿಚಾರಕನೆಂದು ನಂಬಿದ್ದರು. ಕೌಶಲವನ್ನು ಅಳೆದು ನೋಡಿದಾಗ ಆ ನಂಬಿಕೆ ಎಲ್ಲ ಕಡೆಯೂ ನಿಜಕ್ಕೆ ಹೊಂದಲಿಲ್ಲ. ಆದರೂ ಮೊದಲ ತಿಂಗಳುಗಳಲ್ಲಿ ಕೆಲಸಗಾರರು ಹೆಣ್ಣು ಮೇಲ್ವಿಚಾರಕಿಯರಿಗೆ ಕಡಿಮೆ ಅಂಕ ಕೊಟ್ಟರು. ಅವರ ಸಾಲುಗಳ ಕೆಲಸವೂ ಕೊಂಚ ಹಿಂದೆ ಬಿದ್ದಂತೆ ತೋರಿತು. ಸುಮಾರು ನಾಲ್ಕು ತಿಂಗಳಾಗುವ ಹೊತ್ತಿಗೆ ಎರಡೂ ಸರಿಹೋದವು. ಹೆಣ್ಣಿನ ಆಡಳಿತಕ್ಕೆ ಬೆಲೆ ಕಟ್ಟುವವರು ಮೂರನೆಯ ತಿಂಗಳಲ್ಲಿ ತೀರ್ಪು ಕೊಟ್ಟರೆ ಆಕೆ ಸೋತಳೆಂದೇ ಬರೆಯಬೇಕಾಗುತ್ತದೆ. ನಮ್ಮಲ್ಲಿ ಎಷ್ಟು ಹುಡುಗಿಯರನ್ನು ಹೀಗೆ ಮೂರನೆಯ ತಿಂಗಳಲ್ಲಿ ಹಳೆಯ ಯಂತ್ರಕ್ಕೇ ವಾಪಸು ಕಳುಹಿಸಿರಬಹುದು!

ಪಶ್ಚಿಮ ಬಂಗಾಳದ ಹಳ್ಳಿಗಳಿಂದಲೂ ಇಂಥದೇ ಪಾಠ. ಅಲ್ಲಿ ಪಂಚಾಯಿತಿಯ ಅಧ್ಯಕ್ಷ ಸ್ಥಾನವನ್ನು ಸರದಿಯ ಮೇಲೆ ಹೆಂಗಸರಿಗೆ ಮೀಸಲಿಟ್ಟ ಫಲವನ್ನು ಪರಿಶೀಲಿಸಿದವರು 2012ರಲ್ಲಿ ಪ್ರಕಟಿಸಿದಂತೆ, ಒಂದೇ ಅವಧಿಗೆ ಹೆಣ್ಣು ಅಧ್ಯಕ್ಷೆಯನ್ನು ಕಂಡ ಹಳ್ಳಿಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಎರಡು ಅವಧಿ ಕಂಡ ಹಳ್ಳಿಗಳಲ್ಲಿ ತಂದೆತಾಯಿಯರು ಗಂಡುಮಗನಿಗಾಗಿ ಕಾಣುವ ಕನಸಿಗೂ ಹೆಣ್ಣುಮಗಳಿಗಾಗಿ ಕಾಣುವ ಕನಸಿಗೂ ಇದ್ದ ಅಂತರ ಕಾಲುಭಾಗದಷ್ಟು ತಗ್ಗಿತ್ತು. ಕರ್ನಾಟಕಕ್ಕೆ ಈ ದಾರಿ ಹೊಸದಲ್ಲ. ಅಬ್ದುಲ್ ನಜೀರ್ ಸಾಬರು ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯಿದೆ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಕಾಲುಭಾಗ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ದೇಶದ ಸಂವಿಧಾನಕ್ಕೆ 73ನೆಯ ತಿದ್ದುಪಡಿ ಬರುವುದಕ್ಕಿಂತ ಮುಂಚಿನ ಮಾತಿದು. ಇನ್ನೂ ಹಿಂದೆ, ಹದಿನಾರನೆಯ ಶತಮಾನದಲ್ಲೇ, ಶರಾವತಿಯ ದಡದ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸ್ ವರ್ತಕರು ಕಾಳುಮೆಣಸಿನ ರಾಣಿಯೆಂದೇ ಕರೆದರು. ರಾಣಿಯ ಶೌರ್ಯವನ್ನು ನಾವು ಹೊಗಳುತ್ತೇವೆ. ಆಕೆ ವ್ಯಾಪಾರವನ್ನೂ ಆಳಿದಳೆಂಬುದನ್ನು ಮಕ್ಕಳಿಗೆ ಹೇಳಿಕೊಡುವುದು ಅಪರೂಪ.

ಕಾನೂನಿನ ಮೂಲಕ ಮಾರ್ಗ ತೆರೆದ ನಾಡುಗಳಲ್ಲಿ ನಾರ್ವೆ ಮೊದಲನೆಯದು. 2003ರಲ್ಲಿ ಕಾಯಿದೆ ಮಾಡಿ, 2008ರ ಹೊತ್ತಿಗೆ ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳಲ್ಲಿ ಶೇಕಡಾ 40ರಷ್ಟು ಮಹಿಳೆಯರು ಇರಲೇಬೇಕೆಂದು ಅದು ವಿಧಿಸಿತು. ಜಪಾನ್ ಇದೇ 2003ರಲ್ಲಿ, 2020ರೊಳಗೆ ನಾಯಕ ಸ್ಥಾನಗಳಲ್ಲಿ ಶೇಕಡಾ 30 ಮಹಿಳೆಯರು ಇರಬೇಕೆಂಬ ಗುರಿಯನ್ನು ಇಟ್ಟುಕೊಂಡಿತು; ಗುರಿಯ ಹಿಂದೆ ಕಡ್ಡಾಯವಿರಲಿಲ್ಲ, ಗುರಿ ಮುಟ್ಟಲೂ ಇಲ್ಲ. ನಮ್ಮ ದೇಶದ 2013ರ ಕಂಪನಿ ಕಾಯಿದೆ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಿಗೆ ಒಬ್ಬ ಮಹಿಳಾ ನಿರ್ದೇಶಕಿಯನ್ನು ಕಡ್ಡಾಯ ಮಾಡಿತು. ಆಗ ಕೆಲವು ಮನೆತನದ ಕಂಪನಿಗಳು ಮಡದಿಯನ್ನೋ ಸೊಸೆಯನ್ನೋ ಕುರ್ಚಿಯಲ್ಲಿ ಕೂರಿಸಿ ನಿಯಮ ಪಾಲಿಸಿದವು. ಇದನ್ನು ಕಂಡು ನಕ್ಕವರು ಬಹಳ. ಹಾಗೆ ಕೂರಿಸಲ್ಪಟ್ಟ ಸೊಸೆಯಂದಿರಲ್ಲಿ ಒಬ್ಬಳಾದರೂ ಎರಡನೆಯ ಸಭೆಯಲ್ಲಿ ಲೆಕ್ಕಪತ್ರ ಕೇಳಿದ್ದರೆ ಕಾಯಿದೆ ವ್ಯರ್ಥವಾಗಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಫಿಲಿಪ್ಪೀನ್ಸ್ ನಮ್ಮ ಹಾಗೆ ಕ್ಯಾಥೋಲಿಕರ ನಾಡು. ಅಲ್ಲಿ ಗಂಡ ತನ್ನ ಸಂಬಳವನ್ನು ಹೆಂಡತಿಯ ಕೈಗೆ ಕೊಡುವುದು ಹಳೆಯ ವಾಡಿಕೆ, ಮನೆಯ ಹಣಕಾಸು ಆಕೆಯದೇ. ವ್ಯವಸ್ಥಾಪಕ ಹುದ್ದೆಗಳಲ್ಲಿಯೂ ಸುಮಾರು ಅರ್ಧದಷ್ಟನ್ನು ಅಲ್ಲಿ ಮಹಿಳೆಯರೇ ಹೊಂದಿದ್ದಾರೆ. ಆದರೆ ಅದೇ ನಾಡಿನ ಲಕ್ಷಾಂತರ ತಾಯಂದಿರು ಪರದೇಶಗಳಲ್ಲಿ ಮನೆಗೆಲಸ ಮಾಡುತ್ತಿದ್ದಾರೆ, ಅವರ ಮಕ್ಕಳನ್ನು ಅಜ್ಜಿಯರು ಸಾಕುತ್ತಿದ್ದಾರೆ. ಯಾವ ನಾಡನ್ನೂ ಪೂರ್ತಿಯಾಗಿ ಮಾದರಿಯೆಂದು ಒಪ್ಪುವಂತಿಲ್ಲ.

ಈಗ ನಮ್ಮ ಮೈಸೂರು ರಸ್ತೆಗೆ ಬರೋಣ. ಬೆಂಗಳೂರಿನ ಸಿದ್ಧ ಉಡುಪಿನ ಉದ್ಯಮದಲ್ಲಿ ಲಕ್ಷಗಟ್ಟಲೆ ಮಂದಿ ದುಡಿಯುತ್ತಾರೆ, ಅವರಲ್ಲಿ ಬಹುಪಾಲು ಹೆಂಗಸರು. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣ ಹಿಂಪಡೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿಗೊಳಿಸಿದಾಗ ಇವರು ಎರಡು ದಿನ ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯಲ್ಲೂ ಇಳಿದು ನಿಂತರು. ಯಾವ ದೊಡ್ಡ ಸಂಘದ ಕರೆಯೂ ಇರಲಿಲ್ಲ, ವೇದಿಕೆಯ ಮೇಲೆ ನಾಯಕರಿರಲಿಲ್ಲ. ಸರ್ಕಾರ ಆ ಆದೇಶವನ್ನು ಹಿಂತೆಗೆದುಕೊಂಡಿತು. ಸಾವಿರಾರು ಮಂದಿಯನ್ನು ಒಂದೇ ಮಾತಿಗೆ ಕೂಡಿಸಬಲ್ಲ ಶಕ್ತಿ ಅವರೊಳಗೇ ಇತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇದೇ ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಹೆಣ್ಣು ಕಾರ್ಮಿಕರಿಗೆ ಮಾತುಗಾರಿಕೆ, ಕಾಲದ ಬಳಕೆ, ಹಣದ ಲೆಕ್ಕ, ಸಮಸ್ಯೆ ಬಿಡಿಸುವ ಬಗೆ ಇವುಗಳಲ್ಲಿ ಒಂದು ವರ್ಷದ ತರಬೇತಿ ಕೊಟ್ಟು ನೋಡಿದರು. ಅವರ ಉತ್ಪಾದನೆ ಗಮನಾರ್ಹವಾಗಿ ಏರಿತು, ಮಾಲೀಕರು ಹಾಕಿದ ಹಣ ಹಲವು ಪಟ್ಟಾಗಿ ಹಿಂದಿರುಗಿತು. ಕೂಲಿಯ ಏರಿಕೆ ಮಾತ್ರ ಅತ್ಯಲ್ಪ. ಈ ಕೊನೆಯ ವಾಕ್ಯವನ್ನು ಮಾಲೀಕರ ಸಭೆಗಳಲ್ಲಿ ಯಾರೂ ಗಟ್ಟಿಯಾಗಿ ಓದುವುದಿಲ್ಲ.

ಹಾಗಾದರೆ ಸಾಲಿನ ಮೇಲ್ವಿಚಾರಣೆಗೆ ಕರೆದಾಗ ನಮ್ಮ ಹುಡುಗಿಯರು ಏಕೆ ಹಿಂದೆಗೆಯುತ್ತಾರೆ? ಅವರನ್ನೇ ಕೇಳಿದರೆ ಕಾರಣ ಹೇಳುತ್ತಾರೆ. ಮೇಲ್ವಿಚಾರಣೆಯೆಂದರೆ ಟಾರ್ಗೆಟ್ ತಪ್ಪಿದಾಗ ಬೈಸಿಕೊಳ್ಳುವುದು, ಬೈಸಿಕೊಂಡದ್ದನ್ನು ಜೊತೆಯವರಿಗೆ ಬೈದು ಹಂಚುವುದು. ಹಾಗೆ ಬೈಯುವುದೇ ಆಡಳಿತವೆಂದು ಗಂಡಸರು ತೋರಿಸಿಕೊಟ್ಟಿರುವುದರಿಂದ, ನಾಚಿಕೆಯುಳ್ಳ ಹುಡುಗಿ ಬೇಡವೆನ್ನುತ್ತಾಳೆ. ಎರಡನೆಯದು ಹೊತ್ತು. ಮೇಲ್ವಿಚಾರಕಿ ಎಲ್ಲರೂ ಹೋದ ಮೇಲೆ ಲೆಕ್ಕ ಒಪ್ಪಿಸಿ ಹೊರಡಬೇಕು. 2021ರಲ್ಲಿ ಕೆಂಗೇರಿಯವರೆಗೆ ಮೆಟ್ರೋ ಬಂದಿತು, 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಆರಂಭವಾಯಿತು. ಮನೆ ಮುಟ್ಟುವುದು ಸುಲಭವಾಗಿದೆ. ಮನೆ ಮುಟ್ಟಿದ ಮೇಲಿನ ಕೆಲಸ ಹಾಗೆಯೇ ಉಳಿದಿದೆ. ಒಲೆಯ ಮುಂದೆ ಮಗನನ್ನೂ ನಿಲ್ಲಿಸಲು ಅತ್ತೆಯಂದಿರು ಒಪ್ಪುವವರೆಗೆ ಸೊಸೆ ಸಂಜೆ ಏಳರ ಸಭೆಯಲ್ಲಿ ನೆಮ್ಮದಿಯಾಗಿ ಕೂರಲಾರಳು.

ಕಾನೂನೂ ಬಹುಕಾಲ ಅಡ್ಡವಾಗಿತ್ತು. 1948ರ ಕಾರ್ಖಾನೆ ಕಾಯಿದೆ ಸಂಜೆ ಏಳರಿಂದ ಬೆಳಗಿನ ಆರರವರೆಗೆ ಹೆಂಗಸರ ದುಡಿಮೆಯನ್ನು ನಿಷೇಧಿಸಿತ್ತು. ರಕ್ಷಣೆಯೆಂಬ ಸದುದ್ದೇಶವೇ ಅದರ ಹಿಂದಿದ್ದದ್ದು. ಆದರೆ ಮೂರು ಪಾಳಿಯ ಕಾರ್ಖಾನೆಯಲ್ಲಿ ರಾತ್ರಿಪಾಳಿ ನೋಡದವರಿಗೆ ಮೇಲಿನ ಹುದ್ದೆ ದಕ್ಕುವುದು ಕಷ್ಟ. ಕರ್ನಾಟಕ ಸರ್ಕಾರ 2019ರಲ್ಲಿ ಸುರಕ್ಷತೆಯ ಷರತ್ತುಗಳೊಡನೆ, ಆಕೆಯ ಒಪ್ಪಿಗೆಯ ಮೇಲೆ, ಈ ನಿಷೇಧವನ್ನು ಸಡಿಲಿಸಿತು. ಷರತ್ತುಗಳು ಕಾಗದದಲ್ಲೇ ಉಳಿಯದಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಬ್ಯಾಂಕಿನ ನೌಕರಿಯಲ್ಲಿ ಅಡ್ಡಿ ಇನ್ನೊಂದು ಬಗೆಯದು, ಅಲ್ಲಿ ಬಡ್ತಿ ಎಂದರೆ ವರ್ಗಾವಣೆ. 1977ರಲ್ಲಿ ಪರೀಕ್ಷಾರ್ಥಿ ಅಧಿಕಾರಿಯಾಗಿ ಸೇರಿ 2013ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಮೊದಲ ಅಧ್ಯಕ್ಷೆಯಾದ ಅರುಂಧತಿ ಭಟ್ಟಾಚಾರ್ಯರು, ಮಕ್ಕಳ ಅಥವಾ ಹಿರಿಯರ ಆರೈಕೆಗಾಗಿ ಮಹಿಳಾ ನೌಕರರು ಎರಡು ವರ್ಷದವರೆಗೆ ರಜೆ ಪಡೆದು ಮರಳಿ ಬರುವ ಅವಕಾಶ ಮಾಡಿದರು. ಆ ಮೆಟ್ಟಿಲುಗಳನ್ನು ತಾನೇ ಹತ್ತಿದವಳಿಗೆ ಎಲ್ಲಿ ಉಸಿರು ಕಟ್ಟುತ್ತದೆಂದು ತಿಳಿದಿತ್ತು.

ಇನ್ನು ನಮ್ಮ ಧರ್ಮಕೇಂದ್ರಗಳ ಮಾತು. ಇದನ್ನು ಆಡದೆ ಮುಗಿಸಿದರೆ ಉಳಿದದ್ದೆಲ್ಲ ಪರರಿಗೆ ಹೇಳಿದ ಬುದ್ಧಿಯಾದೀತು. ಭಾರತದ ಕ್ಯಾಥೋಲಿಕ್ ಧರ್ಮಾಧ್ಯಕ್ಷರ ಮಂಡಳಿ 2008ರಲ್ಲಿ ಜಮ್ಶೆಡ್‌ಪುರದಲ್ಲಿ ಸೇರಿ ಮಹಿಳೆಯರ ವಿಷಯವನ್ನೇ ಚರ್ಚಿಸಿತು. 2010ರಲ್ಲಿ ಲಿಂಗ ಸಮಾನತೆಯ ನೀತಿಯೊಂದನ್ನು ಹೊರಡಿಸಿತು. ರೋಮ್‌ನಲ್ಲಿ 2025ರ ಆರಂಭದಲ್ಲಿ ಪೋಪ್ ಫ್ರಾನ್ಸಿಸರು ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ಅವರನ್ನು ಸನ್ಯಾಸಿ ಸಭೆಗಳ ಉಸ್ತುವಾರಿಯ ಇಲಾಖೆಗೆ ಮುಖ್ಯಸ್ಥೆಯಾಗಿ ನೇಮಿಸಿದರು. ಸಿಸ್ಟರ್ ರಫಾಯೆಲ್ಲಾ ಪೆಟ್ರೀನಿ ವ್ಯಾಟಿಕನ್ ನಗರದ ಆಡಳಿತದ ಅಧ್ಯಕ್ಷೆಯಾದರು. ಸಾವಿರಾರು ಮೈಲಿ ದೂರದ ಈ ಸುದ್ದಿಯನ್ನು ನಾವು ಸಂತೋಷದಿಂದ ಓದಿದೆವು.

ನಮ್ಮ ಬಡಾವಣೆಯಲ್ಲಿ ಏನಾಗುತ್ತಿದೆ? ವಾರವೆಲ್ಲ ಬ್ಯಾಂಕಿನಲ್ಲಿ ಕೋಟಿಗಟ್ಟಲೆ ಹಣದ ಲೆಕ್ಕ ನೋಡುವ ಹೆಣ್ಣುಮಗಳಿಗೆ ದೇವಾಲಯದ ಹಬ್ಬದಲ್ಲಿ ಪಾನಕ ಹಂಚುವ ಕೆಲಸ ಒಪ್ಪಿಸುತ್ತೇವೆ. ಹಬ್ಬದ ಖರ್ಚಿನ ಲೆಕ್ಕ ಬರೆಯುವವರು ಮಾತ್ರ ಬೇರೆಯವರು, ಅದೂ ಎಷ್ಟೋ ಸಲ ಕೂಡಿಸುವುದರಲ್ಲೇ ಎಡವುವವರು. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕೆಂದು ಧರ್ಮಸಭಾ ಸಂಹಿತೆಯ 537ನೆಯ ನಿಯಮ ಹೇಳುತ್ತದೆ. ವಿಶ್ವಾಸಿಗಳಿಂದ ಆರಿಸಿದವರು ಅದರಲ್ಲಿರಬೇಕೆನ್ನುತ್ತದೆ. ಗಂಡಸರೇ ಇರಬೇಕೆಂದು ಎಲ್ಲಿಯೂ ಹೇಳಿಲ್ಲ. ಬಂಗಾಳದ ಹಳ್ಳಿಯವರಂತೆ ನಾವೂ ಎರಡು ಅವಧಿ ಕಾದು ನೋಡುವ ತಾಳ್ಮೆ ತೋರಿಸಿದರೆ, ಒಬ್ಬರಲ್ಲ, ಸಮಿತಿಯ ಅರ್ಧದಷ್ಟು ಮಂದಿ ಮಹಿಳೆಯರಾಗಿರಬೇಕೆಂದು ಕೇಳುವುದರಲ್ಲಿ ಅತಿಯಿಲ್ಲ. ಒಬ್ಬಳೇ ಇದ್ದರೆ ಆಕೆ ಸಭೆಯ ಟಿಪ್ಪಣಿ ಬರೆಯುವುದಕ್ಕೂ ಚಹಾ ತರಿಸುವುದಕ್ಕೂ ಸೀಮಿತಳಾಗುತ್ತಾಳೆ, ಇದನ್ನು ನಾವು ಕಂಡಿದ್ದೇವೆ.

ಇನ್ನೊಂದು ಸಲಹೆ. ನಮ್ಮ ದೇವಾಲಯಗಳ ಪಕ್ಕದ ಧರ್ಮೋಪದೇಶದ ಕೊಠಡಿಗಳು ಭಾನುವಾರ ಬೆಳಿಗ್ಗೆ ತುಂಬಿರುತ್ತವೆ, ವಾರದ ಉಳಿದ ಸಂಜೆಗಳಲ್ಲಿ ಬಹುತೇಕ ಖಾಲಿ. ಶಾಲೆ ಬಿಡುವ ನಾಲ್ಕು ಗಂಟೆಯಿಂದ ರಾತ್ರಿ ಎಂಟರವರೆಗೆ ಅವುಗಳನ್ನು ದುಡಿಯುವ ತಾಯಂದಿರ ಮಕ್ಕಳಿಗಾಗಿ ತೆರೆಯಬಹುದು, ಜಾತಿಮತ ಕೇಳಬೇಕಿಲ್ಲ. ನಿವೃತ್ತ ಶಿಕ್ಷಕಿಯರು ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ನಾಲ್ಕಾರು ಮಂದಿ ಇದ್ದಾರೆ. ಒಂದು ಲೋಟ ಹಾಲು, ಎರಡು ಬಿಸ್ಕತ್ತು, ಮನೆಪಾಠ ಬರೆಸುವವರೊಬ್ಬರು, ಚಾಪೆ, ಬಾಗಿಲಲ್ಲಿ ನಂಬಿಕಸ್ಥ ಕಾವಲು, ಇಷ್ಟಕ್ಕೆ ತಗಲುವ ವೆಚ್ಚ ಹಬ್ಬದ ದೀಪಾಲಂಕಾರದ ವೆಚ್ಚಕ್ಕಿಂತ ಹೆಚ್ಚಾಗಲಾರದು. ಇದನ್ನು ನಡೆಸುವ ಸಮಿತಿ ಆ ತಾಯಂದಿರದೇ ಆಗಿರಲಿ: ಅಧ್ಯಕ್ಷೆಯನ್ನು ಅವರೇ ಆರಿಸಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಲಿ, ಬ್ಯಾಂಕಿನ ಖಾತೆಗೆ ಚೆಕ್ ಸಹಿ ಮಾಡುವ ಅಧಿಕಾರವೂ ಅವರದೇ ಇರಲಿ. ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ ಯಾರಾದರೊಬ್ಬರು ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಲು ಕೇಳಬೇಕಾಗಿದೆ.